ಬಾಗಿಲು ಹಾಕಿದ ದಿನಗಳಲ್ಲಿ ಬಂದವರು

ಕೊರಿಯಾದ ಒಂದು ಮೂಲೆಯ ಜಿಲ್ಲೆಯಲ್ಲಿ, ರಾಜರ ಕಾಲದಲ್ಲಿ, ಒಬ್ಬ ಪಂಡಿತರಿದ್ದರು. ದೊಡ್ಡ ಹುದ್ದೆಗೆ ಏರಿದವರಲ್ಲ, ದೊಡ್ಡ ಗ್ರಂಥ ಬರೆದವರೂ ಅಲ್ಲ. ಆದರೆ ಪ್ರಾಯ ಬಂದಾಗಿನಿಂದ ಕಣ್ಣು ಮಂಜಾಗುವವರೆಗೆ ಬಿಡದೆ ದಿನಚರಿ ಬರೆದರು. ಮಳೆ ಬಂತೋ ಇಲ್ಲವೋ, ಹೊಟ್ಟೆ ಹೇಗಿದೆ, ಯಾರು ಬಂದರು, ಬಂದವರಿಗೆ ಏನು ಬಡಿಸಿದೆ, ಯಾರಿಗೆ ಯಾವ ಪುಸ್ತಕ ಎರವಲು ಕೊಟ್ಟೆ, ಯಾವ ಮಹಾನುಭಾವ ಅದನ್ನು ಇನ್ನೂ ಹಿಂದಿರುಗಿಸಿಲ್ಲ. ಇಷ್ಟೇ ವಿಷಯ. ಹೊಟ್ಟೆಯ ವಿಷಯ ಸ್ವಲ್ಪ ಜಾಸ್ತಿ.

ಈ ದಿನಚರಿಗೆ ಹಿರೋಷಿಮಾದ ಒಬ್ಬ ಪ್ರಾಧ್ಯಾಪಕರು ತಮ್ಮ ಆಯುಷ್ಯವನ್ನೇ ಸುರಿದಿದ್ದರು. ಅವರನ್ನು ಸೆನ್ಸೇ ಎಂದೇ ಕರೆಯುತ್ತೇನೆ. ಜಪಾನಿನಲ್ಲಿ ಗುರುಗಳನ್ನು ಕರೆಯುವುದೇ ಹಾಗೆ, ಹೆಸರು ಬಿಟ್ಟರೂ ಮರ್ಯಾದೆಗೆ ಕೊರತೆಯಾಗುವುದಿಲ್ಲ. ನಿವೃತ್ತರಾಗಿ ವರ್ಷಗಳಾಗಿದ್ದವು. ಅವರದ್ದು ಒಂದೇ ವಾದ: ಈ ಪಂಡಿತ ಒಂಟಿಯಲ್ಲ. ಬೆಟ್ಟದ ಈ ಕಡೆಯ, ಆ ಕಡೆಯ ಓದುಬರಹದವರೆಲ್ಲ ಆತನ ಚಾವಡಿಯಲ್ಲಿ ಕೂಡುತ್ತಿದ್ದರು, ಪುಸ್ತಕಗಳೂ ಸುದ್ದಿಗಳೂ ಆತನ ಕೈ ದಾಟಿಯೇ ಹೋಗುತ್ತಿದ್ದವು, ಆ ಬಳಗ ಆತನ ಮುಪ್ಪಿನವರೆಗೂ ಚದುರಲಿಲ್ಲ. ಇದನ್ನು ಒಂದು ಸಮ್ಮೇಳನದಲ್ಲಿ ಮಂಡಿಸಿದಾಗ ಇನ್ನೊಬ್ಬ ವಿದ್ವಾಂಸರು ಎದ್ದು ನಿಂತು, "ನನಗೆ ಕಾಣುವುದು ಅಜೀರ್ಣವೂ ಒಬ್ಬ ಸ್ನೇಹಿತನೂ ಇದ್ದ ಮನುಷ್ಯ" ಎಂದರಂತೆ. ಸಭೆ ನಕ್ಕಿತಂತೆ. ಸೆನ್ಸೇ ಅದನ್ನು ಮರೆತಿರಲಿಲ್ಲ. ಈಗ ಅವರಿಗೆ ಕಾಯಿಲೆ. ವಾದ ಸರಿಯೋ ತಪ್ಪೋ ಎಂದು ಕಣ್ಣಾರೆ ನೋಡಿ ಹೋಗಬೇಕು ಎನ್ನುವುದೊಂದೇ ಉಳಿದಿತ್ತು.

ನೋಡಿಸುವ ಕೆಲಸ ನನಗೆ ಬಂತು. ನಾನು ಮೈಸೂರಿನ ಕಡೆಯ ಸಂಖ್ಯಾಶಾಸ್ತ್ರದವನು, ಟೋಕಿಯೋ ಪಕ್ಕದ ಕಾಶಿವಾ ಎನ್ನುವ ಊರಿನ ವಿಶ್ವವಿದ್ಯಾಲಯದಲ್ಲಿ ಉದ್ಯೋಗ. ನನಗೆ ಕೊರಿಯನ್ ಬಾರದು. ಪಂಡಿತರು ಬರೆದದ್ದು ಹಳೆಯ ಚೀನೀ ಲಿಪಿಯಲ್ಲಿ, ಅದಂತೂ ದೇವರಾಣೆಗೂ ಬಾರದು. ಇಂಥ ಅರ್ಹತೆಯ ಬಲದಿಂದ ಯೋಜನೆಯ ಸದಸ್ಯನಾದೆ. ದಿನಚರಿಯಲ್ಲಿ ಬರುವ ಒಬ್ಬೊಬ್ಬ ಮನುಷ್ಯನಿಗೆ ಒಂದು ಚುಕ್ಕಿ ಇಡುವುದು, ಒಬ್ಬ ಇನ್ನೊಬ್ಬನ ಮನೆಗೆ ಹೋದರೆ ನಡುವೆ ಒಂದು ಗೆರೆ ಎಳೆಯುವುದು. ಎಳೆಯುವುದು ಕಂಪ್ಯೂಟರು, ನಾನು ಗಂಭೀರವಾಗಿ ನೋಡುತ್ತಿರುತ್ತೇನೆ.

"ಇಷ್ಟೆಲ್ಲಾ ಓದಿ ಕೊನೆಗೆ ಚುಕ್ಕಿ ರಂಗೋಲಿ ಹಾಕ್ತಿದೀರ," ಎಂದಳು ಹೆಂಡತಿ. ಅವಳು ಪಕ್ಕದ ಕೋಣೆಯಲ್ಲಿ ತನ್ನ ಕಂಪನಿಯ ಕೆಲಸ ಮಾಡುತ್ತಿದ್ದಳು. ಕೊರೋನಾ ಬಂದು ಆಫೀಸುಗಳು ಮನೆಗೆ ನುಗ್ಗಿದ್ದ ವರ್ಷ ಅದು.

ದಿನಚರಿ ಓದಿ ನನಗೆ ಬೇಕಾದ ಮಾಹಿತಿ ಹೆಕ್ಕಿಕೊಡುತ್ತಿದ್ದವರು ಸೆನ್ಸೇ ಅವರ ಹಳೆಯ ವಿದ್ಯಾರ್ಥಿನಿ, ಹಿರೋಷಿಮಾದಲ್ಲೇ ಪಾಠ ಮಾಡುವ ಕೊರಿಯಾದ ಹೆಂಗಸು. ನಾನು ಮೇಡಂ ಎನ್ನುತ್ತಿದ್ದೆ. ನಾವು ಮೂವರು ಪ್ರತಿ ಗುರುವಾರ ನಾಲ್ಕು ಗಂಟೆಗೆ ಕಂಪ್ಯೂಟರಿನ ಪರದೆಯ ಮೇಲೆ ಸೇರುತ್ತಿದ್ದೆವು. ಈ ಮಹಾಸಭೆಯ ನಿಯಮಗಳನ್ನು ಸೆನ್ಸೇ ಹಾಕಿದ್ದರು. ಸಂಜೆ ಐದಕ್ಕೆ ಜಪಾನಿನ ಎಷ್ಟೋ ಊರುಗಳಲ್ಲಿ ಬೀದಿಯ ಧ್ವನಿವರ್ಧಕದಿಂದ ಒಂದು ರಾಗ ಮೊಳಗುತ್ತದೆ, ಮಕ್ಕಳೆಲ್ಲ ಮನೆ ಸೇರಲಿ ಎಂದು. ನಮ್ಮ ಕಾಶಿವಾದ ರಾಗ ಬೇರೆ, ಹಿರೋಷಿಮಾದ ಹೊರವಲಯದಲ್ಲಿದ್ದ ಅವರ ಊರಿನ ರಾಗ ಬೇರೆ. ಅವರ ರಾಗ ಮುಗಿದರೆ ಸಭೆ ಮುಗಿದಂತೆ. ಇನ್ನೊಂದು, ನಿಯಮವಲ್ಲ, ಅಭ್ಯಾಸ: ನಾವು ಏನೇ ವರದಿ ಮಾಡಲಿ, ಅವರು ಎಲ್ಲವನ್ನೂ ಕೇಳಿಸಿಕೊಂಡು, ತಲೆ ಓರೆ ಮಾಡಿ, "ಮರುದಿನ?" ಎನ್ನುತ್ತಿದ್ದರು. ಪಂಡಿತರು ಜಗಳ ಆಡಿದರು ಸೆನ್ಸೇ ಎಂದರೆ, ಮರುದಿನ? ಪುಸ್ತಕ ಕೊಟ್ಟರು ಎಂದರೆ, ಮರುದಿನ? ಮನುಷ್ಯ ಏನು ಮಾಡಿದ ಎನ್ನುವುದು ಮರುದಿನದ ಪುಟದಲ್ಲಿ ಗೊತ್ತಾಗುತ್ತದೆ ಎಂದು ಅವರ ನಂಬಿಕೆ.

ಆ ವರ್ಷದ ಕಾಶಿವಾ ನೆನಪಿದೆ. ಹಗಲಿನಲ್ಲೇ ಬೀದಿ ಖಾಲಿ. ಕಿಟಕಿಗಳನ್ನೆಲ್ಲ ತೆರೆದುಕೊಂಡ ರೈಲು ಯಾರನ್ನೂ ಕೂರಿಸಿಕೊಳ್ಳದೆ ಅತ್ಯಂತ ಸಮಯಕ್ಕೆ ಸರಿಯಾಗಿ ಓಡುತ್ತಿತ್ತು. ದಯವಿಟ್ಟು ಮನೆಯಲ್ಲೇ ಇರಿ ಎಂದು ಧ್ವನಿವರ್ಧಕ ಹೇಳುತ್ತಿತ್ತು. ಯಾರಿಗೆ ಹೇಳುತ್ತಿತ್ತೋ, ಕೇಳುವವರೆಲ್ಲ ಮನೆಯಲ್ಲೇ ಇದ್ದರು.

ಮೊದಲ ತಿಂಗಳುಗಳಲ್ಲಿ ಸೆನ್ಸೇ ಪರದೆಯ ಮೇಲೆ ಕಾಣುತ್ತಿದ್ದರು: ಬಿಳಿ ತಲೆ, ಬೂದು ಸ್ವೆಟರು, ಅದರ ಎರಡನೆಯ ಗುಂಡಿಯವರೆಗೆ. ಮಳೆಗಾಲದ ಹೊತ್ತಿಗೆ ಕ್ಯಾಮೆರಾ ಆರಿಸಿದರು. "ಮುಖ ಸಭೆಗೆ ತಕ್ಕಂತಿಲ್ಲ," ಎಂದರು. ಅಲ್ಲಿಂದ ಅವರು ಒಂದು ಕಪ್ಪು ಚೌಕ, ಅದರೊಳಗೆ ಬಿಳಿ ಅಕ್ಷರದಲ್ಲಿ ಅವರ ಹೆಸರು. ಆಮೇಲೆ ಗಂಟಲಿಗೆ ಚಿಕಿತ್ಸೆ ಆಯಿತು, ಮಾತು ನಿಂತಿತು. ಕೇಳಿಸಿಕೊಳ್ಳುತ್ತೇನೆ, ನೀವು ಮುಂದುವರಿಸಿ ಎಂದು ಒಂದು ಸಾಲು ಬರೆದು ಕಳಿಸಿದರು. ಸೋಂಕಿನ ಭಯ, ಹಾಗಾಗಿ ಹತ್ತಿರದಲ್ಲೇ ಇದ್ದ ಮೇಡಂ ಕೂಡ ಮನೆಗೆ ಹೋಗಿ ನೋಡುವಂತಿರಲಿಲ್ಲ. ಗುರುವಾರ ನಾಲ್ಕಕ್ಕೆ ಚೌಕ ಬರುತ್ತಿತ್ತು. ನಾವು ಅದಕ್ಕೆ ತಲೆಬಾಗಿ ನಮಸ್ಕಾರ ಹೇಳಿ ವರದಿ ಒಪ್ಪಿಸುತ್ತಿದ್ದೆವು. ಐದಕ್ಕೆ ಚೌಕ ಹೋಗುತ್ತಿತ್ತು.

ರಂಗೋಲಿ ಮಾತ್ರ ಬಹಳ ಚೆನ್ನಾಗಿ ಬರುತ್ತಿತ್ತು. ಸೆನ್ಸೇ ಹೇಳಿದ್ದು ಅಕ್ಷರಶಃ ನಿಜ ಎನ್ನುವಂತೆ ಇಡೀ ಜಿಲ್ಲೆಯ ಚುಕ್ಕಿಗಳು ಒಂದೇ ಬಲೆಯಾಗಿ ಹೆಣೆದುಕೊಂಡಿದ್ದವು. ನಡುವೆ ಒಂದು ದಪ್ಪ ಚುಕ್ಕಿ, ಪಂಡಿತರದು. ಅದಕ್ಕೆ ಅಂಟಿಕೊಂಡಂತೆ ಇನ್ನೊಂದು, ಬೆಟ್ಟದಾಚೆಯ ಊರಿನ ಒಬ್ಬ ಸ್ನೇಹಿತನದು. ಪಂಡಿತರಿಗೂ ಆಚೆಯವರಿಗೂ ಕೊಂಡಿ ಅವನೇ. ಬರುತ್ತಿದ್ದ, ಕೂರುತ್ತಿದ್ದ, ಇಂಥವರು ಹೇಗಿದ್ದಾರೆ, ಅಂಥವರು ಏನು ಬರೆಯುತ್ತಿದ್ದಾರೆ ಎಂದು ವಿಚಾರಿಸುತ್ತಿದ್ದ, ಹೋಗುತ್ತಿದ್ದ.

ಪಂಡಿತರ ಕಾಲದಲ್ಲೂ ಒಂದು ಸಾಂಕ್ರಾಮಿಕ ಬಂದಿತ್ತು. ಗೇಟು ಹಾಕಿಕೊಂಡರು. ಹಿರಿಯರ ತಿಥಿಯನ್ನೂ ನಿಲ್ಲಿಸಿದರು, ಅವರಿಗೆ ಅದು ಸಣ್ಣ ಮಾತಲ್ಲ. ಪುಟದ ಮೇಲೆ ಪುಟ, ಯಾರೂ ಬರಲಿಲ್ಲ, ಯಾರೂ ಬರಲಿಲ್ಲ. ಆ ತಿಂಗಳುಗಳಲ್ಲಿ ಗೆರೆಗಳೆಲ್ಲ ಅಳಿಸಿಹೋದವು. ಒಂದನ್ನು ಬಿಟ್ಟು. ಬೆಟ್ಟದಾಚೆಯ ಸ್ನೇಹಿತ ಬರುತ್ತಲೇ ಇದ್ದ.

"ನೋಡು, ಸ್ನೇಹ ಅಂದ್ರೆ ಇದು," ಎಂದು ಹೆಂಡತಿಗೆ ತೋರಿಸಿದೆ. "ಊರಿಗೆ ಊರೇ ಬಾಗಿಲು ಹಾಕ್ಕೊಂಡಿದೆ, ಇವನೊಬ್ಬ ಬೆಟ್ಟ ಹತ್ತಿ ಬರ್ತಿದಾನೆ."

"ಕ್ವಾರಂಟೈನ್ ಮಾಡಿಸ್ಬೇಕಿತ್ತು," ಎಂದಳು.

ಹೊಗಳಿದವನೇ ಸ್ವಲ್ಪ ದಿನ ಆ ಸ್ನೇಹಿತನ ಸಾಲುಗಳನ್ನು ಬೇರೆ ತೆಗೆದು ನೋಡಿದೆ. ಮೇಡಂ ಕಳಿಸುತ್ತಿದ್ದ ಹಾಳೆಯಲ್ಲಿ ಕೊನೆಗೊಂದು ಇತರೆ ಎನ್ನುವ ಖಾನೆ ಇತ್ತು. ಪಂಡಿತರು ಬಂದವರಿಗೆ ಬಡಿಸಿದ್ದನ್ನೆಲ್ಲ ಅವರು ಅಲ್ಲಿ ಬರೆಯುತ್ತಿದ್ದರು: ಒಣಮೀನು, ಗಂಜಿ, ಅಕ್ಕಿಯ ಹೆಂಡ, ಒಣಗಿಸಿದ ಕಾಕಿ ಹಣ್ಣು. ಕುದುರೆಗೆ ಹುಲ್ಲು ಹಾಕಿದ್ದನ್ನೂ ಪಂಡಿತರು ಬಿಟ್ಟಿರಲಿಲ್ಲ. ಈ ಸ್ನೇಹಿತನ ಸಾಲಿನಲ್ಲಿ ಮೊದಮೊದಲು ಎಲ್ಲವೂ ಇತ್ತು. ಒಂದು ಹಂತದ ನಂತರ ಆ ಖಾನೆ ಖಾಲಿ. ಬಂದ, ಕೂತ, ಮಾತಾಡಿದ, ಹೋದ. ಒಂದು ಲೋಟ ನೀರೂ ಇಲ್ಲ. ಹಿಮ ಬಿದ್ದು ದಾರಿ ಮುಚ್ಚಿದೆ ಎಂದು ಬರೆದ ದಿನ ಬಂದಿದ್ದಾನೆ. ಹೊಳೆ ಉಕ್ಕಿ ದೋಣಿ ನಿಂತ ದಿನ ಬಂದಿದ್ದಾನೆ.

ಮಧ್ಯಾಹ್ನದ ಬಿಸಿಲು ಕಿಟಕಿಯಲ್ಲಿ ಚೆನ್ನಾಗಿಯೇ ಇತ್ತು. ಆದರೂ ಎದ್ದು ಹೋಗಿ ದೀಪ ಹಾಕಿದೆ. ಆಮೇಲೆ ಖಾಲಿ ಶುರುವಾದ ಜಾಗದಿಂದ ಹಿಂದಕ್ಕೆ ಹೋದೆ. ಅಲ್ಲೊಂದು ಸಾಲು ಸಿಕ್ಕಿತು: ಬೆಟ್ಟದಾಚೆ ಹೋದೆ, ಸ್ನೇಹಿತನನ್ನು ಮಣ್ಣು ಮಾಡಿದೆವು, ಹಿಂದಿರುಗುವಾಗ ಮಳೆ.

ಹೆಂಡತಿ ಕಾಫಿ ತಂದವಳು ನನ್ನ ಮುಖ ನೋಡಿದಳು. "ಏನಾಯ್ತು?"

"ಪಂಡಿತರ ಸ್ನೇಹಿತ ತೀರಿಕೊಂಡಿದ್ದಾನೆ."

"ಅಯ್ಯೋ, ಯಾವಾಗ?"

"ಇನ್ನೂರು ವರ್ಷದ ಮೇಲಾಯ್ತು."

ಅವಳು ಲೋಟ ಇಟ್ಟಳು. "ಸ್ವಲ್ಪ ಹೊರಗಡೆ ಓಡಾಡ್ಕೊಂಡು ಬನ್ನಿ," ಎಂದಳು.

ಮೇಡಂಗೆ ಫೋನು ಮಾಡಿದೆ.

"ಹೌದು, ತೀರಿಕೊಂಡರು," ಎಂದರು ಅವರು, ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಎಂದು ನಾನು ವರದಿ ಮಾಡಿದ ಹಾಗೆ. "ಪಂಡಿತರು ಸಮಾಧಿಯ ಮುಂದೆ ಓದಿದ್ದೂ ಇದೆ. ಬಹಳ ಚೆನ್ನಾಗಿದೆ."

"ಆದರೆ ಆಮೇಲೂ ಬಂದರು ಅಂತ ತುಂಬಿದ್ದೀರಿ."

"ಬಂದರಲ್ಲ."

"ಎಲ್ಲಿಗೆ?"

"ಕನಸಿಗೆ." ಆಚೆ ಕಡೆ ಹಾಳೆ ಮಗುಚಿದ ಸದ್ದು. "ಯಾರು, ಯಾವತ್ತು, ಬಂದರೋ ಹೋದರೋ ಅಂತ ಕೇಳಿದಿರಿ. ಎಲ್ಲಿಗೆ ಅಂತ ನೀವು ಕೇಳಲೇ ಇಲ್ಲ."

ನಿಜ. ನಾನು ಮಾಡಿಕೊಟ್ಟ ಖಾನೆಗಳಲ್ಲಿ ಎಚ್ಚರವೋ ನಿದ್ದೆಯೋ ಎನ್ನುವ ಖಾನೆ ಇರಲಿಲ್ಲ. ಪಂಡಿತರು ಕನಸನ್ನೂ ದಿನಚರಿಯಲ್ಲಿ ಉಳಿದ ಭೇಟಿಗಳ ಜೊತೆಗೇ ಬರೆಯುತ್ತಿದ್ದರು, ಅವರ ಕಾಲದವರಿಗೆ ಅದು ಸಹಜ. ಮೇಡಂಗೂ ಸಹಜ. ಪಶ್ಚಿಮದ ಯಾವನಾದರೂ ಆ ಹಾಳೆ ತುಂಬಿದ್ದರೆ ಮೊದಲ ದಿನವೇ ಕೈ ಎತ್ತುತ್ತಿದ್ದ. ನನಗಾದರೂ ಹೊಳೆಯಬೇಕಿತ್ತು, ಆದರೆ ನಾನು ಬೆಳೆದದ್ದು ಹೇಗೆ? ನಂಜನಗೂಡಿನ ನಮ್ಮ ದೊಡ್ಡಮ್ಮ ಬೆಳಿಗ್ಗೆ ಹೂ ಕಟ್ಟುತ್ತಾ, "ನಿಮ್ಮ ದೊಡ್ಡಪ್ಪ ಬಂದಿದ್ರು ಕಣೋ. ಕೊಡೆ ಎಲ್ಲಿಟ್ಟೆ ಅಂತ ಕೇಳಿದ್ರು," ಎನ್ನುತ್ತಿದ್ದರು. ದೊಡ್ಡಪ್ಪ ಹೋಗಿ ಎಷ್ಟೋ ಕಾಲವಾಗಿತ್ತು. ನಾವು ಯಾರೂ ಎಲ್ಲಿಗೆ ಬಂದಿದ್ದರು ಎಂದು ಕೇಳಿದ್ದಿಲ್ಲ. ಅಟ್ಟದ ಮೇಲಿದೆ ಅಂತ ಹೇಳಬೇಕಿತ್ತು ದೊಡ್ಡಮ್ಮ, ಎನ್ನುತ್ತಿದ್ದೆವು.

ಆ ಸ್ನೇಹಿತನ ಕನಸಿನ ಗೆರೆಗಳನ್ನು ಅಳಿಸಿ ನೋಡಿದೆ. ರಂಗೋಲಿ ನಡುವೆ ಹರಿಯಿತು. ಅವನು ಸತ್ತ ನಂತರ ಆಚೆಯವರು ಒಂದು ಕಡೆ, ಈಚೆಯವರು ಒಂದು ಕಡೆ, ನಡುವೆ ಪಂಡಿತರು, ಅವರ ಅಜೀರ್ಣ, ಸತ್ತ ಒಬ್ಬ ಸ್ನೇಹಿತ. ಸಮ್ಮೇಳನದಲ್ಲಿ ಎದ್ದು ನಿಂತವರು ಹೇಳಿದ್ದು ಇದನ್ನೇ. ಸೆನ್ಸೇ ಅವರ ಆಯುಷ್ಯದ ವಾದ ನನ್ನ ಮೇಜಿನ ಮೇಲೆ ಎರಡು ತುಂಡಾಗಿ ಬಿದ್ದಿತ್ತು. ಮಾತಾಡಲಾರದ ರೋಗಿಗೆ ಇದನ್ನು ಹೇಳಬೇಕು.

ಎರಡು ಗುರುವಾರ ಹೇಳಲಿಲ್ಲ. ಮೂರನೆಯದಕ್ಕೆ ಮೇಡಂ, "ಅವರು ಕಾಯುತ್ತಿದ್ದಾರೆ," ಎಂದು ಮೆಲ್ಲಗೆ ತಿವಿದರು. ನಾನು ಕಪ್ಪು ಚೌಕದ ಕಡೆ ತಿರುಗಿ, ಟೈ ಕಟ್ಟಿಕೊಂಡಿದ್ದೆ ಬೇರೆ, ಎಲ್ಲವನ್ನೂ ಹೇಳಿದೆ. ಖಾನೆಯ ತಪ್ಪು, ಖಾಲಿ ಸಾಲುಗಳು, ಹರಿದ ಚಿತ್ರ. "ಸೆನ್ಸೇ, ಸತ್ತವರನ್ನು ತೆಗೆದರೆ ಬಳಗ ಉಳಿಯುವುದಿಲ್ಲ," ಎಂದು ಮುಗಿಸಿದೆ.

ಚೌಕದ ಮೂಲೆಯಲ್ಲಿ ಮೈಕಿನ ಗುರುತು ಬದಲಾಯಿತು. ತಿಂಗಳುಗಳಿಂದ ಆರಿದ್ದ ಮೈಕು. ಒಂದು ಖಾಲಿ ಮನೆಯ ಸದ್ದು ಬಂತು. ಗಡಿಯಾರ, ದೂರದಲ್ಲೊಂದು ಕಾಗೆ. ಆಮೇಲೆ ಉಸಿರು.

"ಸುಮಿಮಾಸೆನ್," ಎಂದಿತು ಧ್ವನಿ. ಕ್ಷಮಿಸಿ ಎಂದು. ಹೆಂಗಸಿನ ಧ್ವನಿ.

ಮೇಡಂ ಕುರ್ಚಿಯಿಂದ ಎದ್ದುಬಿಟ್ಟರು. ಅವರಿಗೆ ಗುರುತು ಸಿಕ್ಕಿತ್ತು. "ಒಕುಸಾನ್," ಎಂದರು. ಇನ್ನೊಬ್ಬರ ಹೆಂಡತಿಯನ್ನು ಮರ್ಯಾದೆಯಿಂದ ಕರೆಯುವುದು ಹಾಗೆ.

"ಯಜಮಾನರು ಶರತ್ಕಾಲದ ಶುರುವಿನಲ್ಲೇ ಹೋದರು," ಎಂದರು ಒಕುಸಾನ್. "ಆಸ್ಪತ್ರೆಯಲ್ಲಿ ನನ್ನನ್ನೂ ಒಳಗೆ ಬಿಡಲಿಲ್ಲ. ಯಾರಿಗೂ ಹೇಳಲಿಲ್ಲ. ವರ್ಷದ ಕೊನೆಗೆ ಮನೆಯಲ್ಲಿ ಸಾವಾಗಿದೆ ಅಂತ ಎಲ್ಲರಿಗೂ ಕಾರ್ಡು ಕಳಿಸಬೇಕಲ್ಲ, ಅದನ್ನೂ ಅಚ್ಚು ಹಾಕಿಸಿಲ್ಲ."

ಎಲೆ ಉದುರಿ ಮುಗಿಯುತ್ತಾ ಬಂದಿದ್ದ ಕಾಲ ಅದು. ಅಷ್ಟು ಗುರುವಾರಗಳೂ ಚೌಕ ಬಂದಿತ್ತು. ನಾವು ತಲೆಬಾಗಿದ್ದೆವು. ಒಂದು ಸಲ ನಾನು ಆರೋಗ್ಯ ಸುಧಾರಿಸಲಿ ಎಂದು ಹಾರೈಸಿಯೂ ಇದ್ದೆ.

"ಪ್ರತಿ ಗುರುವಾರ ಹೇಳೋಣ ಅಂತಲೇ ಯಂತ್ರ ಹಚ್ಚುತ್ತಿದ್ದೆ," ಎಂದರು. "ನೀವು 'ಸೆನ್ಸೇ, ನಮಸ್ಕಾರ' ಅನ್ನುತ್ತಿದ್ದಿರಿ. ಹಾಗಂದ ಮೇಲೆ ಇಲ್ಲ ಅಂತ ಹೇಳುವುದು ಹೇಗೆ?"

ಮೇಡಂ ಅಳುತ್ತಿದ್ದರು. ನಾನು ನನ್ನ ಅತ್ಯುತ್ತಮ ಜಪಾನಿಯಲ್ಲಿ ಸಂತಾಪ ಹೇಳಲು ಹೊರಟು ಅರ್ಧಕ್ಕೆ ನಿಂತೆ.

"ನೀವು ಈಗ ಹೇಳಿದ್ದು," ಎಂದರು ಒಕುಸಾನ್, "ಆ ಕನಸುಗಳು. ಅವರಿದ್ದಿದ್ದರೆ ಒಂದು ಮಾತು ಕೇಳುತ್ತಿದ್ದರು."

ನಮಗೆ ಗೊತ್ತಿತ್ತು. ಆದರೂ ಅವರ ಬಾಯಿಂದ ಬರಲಿ ಎಂದು ಕಾದೆವು.

"ಮರುದಿನ?"

ಅವರ ಊರಿನ ರಾಗ ಅದರ ಹಿಂದೆಯೇ ಶುರುವಾಯಿತು. ಮೈಕು ತೆರೆದಿದ್ದರಿಂದ, ಬಹಳ ದಿನಗಳ ಮೇಲೆ, ಅದು ಪೂರ್ತಿಯಾಗಿ ಕೇಳಿಸಿತು.

ಆ ಚಳಿಗಾಲ ನಾನೂ ಮೇಡಂ ಮರುದಿನಗಳನ್ನು ನೋಡಿದೆವು. ಸ್ನೇಹಿತ ಕನಸಿಗೆ ಬಂದು ಇಂಥವನ ಮಗನ ಓದು ಹೇಗೆ ನಡೆದಿದೆ ಎಂದು ಕೇಳಿದ್ದಾನೆ. ಪಂಡಿತರಿಗೆ ಗೊತ್ತಿಲ್ಲ, ನಾಚಿಕೆಯಾಗಿದೆ. ಮರುದಿನ ಆ ಇಂಥವನಿಗೆ ಕಾಗದ ಹೋಗಿದೆ. ಸ್ನೇಹಿತ ಬಂದು ಹಳೆಯ ಪದ್ಯವೊಂದನ್ನು ಅರ್ಧ ಹೇಳಿದ್ದಾನೆ. ಮರುದಿನ ಉಳಿದರ್ಧ ಕೇಳಿ ಬೆಟ್ಟದಾಚೆಗೆ ಆಳು ಹೋಗಿದ್ದಾನೆ. ಸಾಂಕ್ರಾಮಿಕ ಮುಗಿದು ಗೇಟು ತೆಗೆದ ಮೇಲೆ ಮೊದಲು ಬಂದವರು ಹೀಗೆ ಕಾಗದ ಪಡೆದವರೇ. ಎಲ್ಲ ಸಲವೂ ಹಾಗಾಗಿದೆ ಎಂದು ಹೇಳಲಾರೆ. ಎಷ್ಟೋ ಮರುದಿನಗಳಲ್ಲಿ ಇರುವುದು ಮಳೆ, ಹೊಟ್ಟೆನೋವು. ಆದರೆ ಕಾಗದಗಳಿಗೂ ಗೆರೆ ಎಳೆದಾಗ ಹರಿದ ರಂಗೋಲಿ ಕೂಡಿಕೊಂಡಿತು. ಬಳಗವನ್ನು ಹಿಡಿದಿಟ್ಟವನು ಸತ್ತವನೇ.

ಸೆನ್ಸೇ ಹೆಸರನ್ನು ಮೊದಲು ಹಾಕಿ ಲೇಖನ ಬರೆದು ಒಂದು ಪತ್ರಿಕೆಗೆ ಕಳಿಸಿದೆವು. ಮುಂದಿನ ಬೇಸಿಗೆಯಲ್ಲಿ ಪರಿಶೀಲಕರ ಉತ್ತರ ಬಂತು. ಪರಿಶೀಲಕರು ಯಾರೆಂದು ನಮಗೆ ಹೇಳುವುದಿಲ್ಲ, ಅವರೂ ಒಂದು ಕಪ್ಪು ಚೌಕವೇ. ಲೇಖನ ಆಸಕ್ತಿಕರವಾಗಿದೆ, ಆದರೆ ಮೃತ ವ್ಯಕ್ತಿಗೆ ಚುಕ್ಕಿ ಕೊಡುವುದು ಸಾಧ್ಯವಿಲ್ಲ, ದಯವಿಟ್ಟು ತೆಗೆಯಿರಿ ಎಂದಿದ್ದರು.

ಸಂಖ್ಯೆಯವನ ಬೆನ್ನೆಲುಬು ನನ್ನದು, ಬೇಗ ಬಾಗುತ್ತದೆ. "ತೆಗೆದುಬಿಡೋಣ," ಎಂದೆ.

"ತೆಗೆದರೆ ಸೆನ್ಸೇ ವಾದ?" ಎಂದರು ಮೇಡಂ.

"ಅಡಿಟಿಪ್ಪಣಿಯಲ್ಲಿ ಇರಲಿ."

"ಅಡಿಟಿಪ್ಪಣಿಯಲ್ಲಿ," ಎಂದು ಅವರು ನನ್ನ ಮಾತನ್ನೇ ತಿರುಗಿ ಹೇಳಿದರು. ಒಕುಸಾನ್ ಆಗಲೂ ಪ್ರತಿ ಗುರುವಾರ ಬರುತ್ತಿದ್ದರು, ಯಜಮಾನರ ಹೆಸರಿನಲ್ಲೇ. ಕ್ಯಾಮೆರಾ ಹಾಕಿ ಎಂದು ನಾವು ಕೇಳಲಿಲ್ಲ. ಮಾತು ಅಲ್ಲಿಗೆ ನಿಂತು ವಾರಗಳು ಹೋದವು.

ಶರತ್ಕಾಲದ ಒಂದು ಭಾನುವಾರ ಮಧ್ಯಾಹ್ನ, ಹುಳಿಯನ್ನ ಉಂಡು ಮಲಗಿದ್ದಾಗ, ಸೆನ್ಸೇ ಬಂದರು. ಬಾಗಿಲಲ್ಲಿ ಶೂ ಬಿಚ್ಚಿದ ಸದ್ದು ಚೆನ್ನಾಗಿ ಕೇಳಿಸಿತು. ಆದರೆ ಒಳಗೆ ಬಂದವರಿಗೆ ಸ್ವೆಟರಿನ ಎರಡನೆಯ ಗುಂಡಿಯಿಂದ ಕೆಳಗೆ ಏನೂ ಇರಲಿಲ್ಲ. ಜಪಾನಿನ ದೆವ್ವಗಳಿಗೆ ಕಾಲಿರುವುದಿಲ್ಲವಂತೆ, ನಮ್ಮ ಕಡೆಯವಕ್ಕೆ ಪಾದ ಹಿಂದುಮುಂದು. ಇದು ಎರಡೂ ಅಲ್ಲ. ಪರದೆಯ ಮೇಲೆ ನಾನು ಅವರನ್ನು ಅಷ್ಟೇ ನೋಡಿದ್ದು. ಲೇಖನದ ಬಗ್ಗೆ ಬೈಯುತ್ತಾರೆ ಎಂದುಕೊಂಡೆ. ಅವರು ತಲೆ ಓರೆ ಮಾಡಿ, "ಕಾಕಿ ಕಳಿಸಿದಿರಾ?" ಎಂದರು. ನಾನು ಉತ್ತರ ಹುಡುಕುವಷ್ಟರಲ್ಲಿ ಎಚ್ಚರವಾಯಿತು.

"ಯಾರ ಹತ್ರ ಮಾತಾಡ್ತಿದ್ರಿ?" ಎಂದಳು ಹೆಂಡತಿ, ಬಟ್ಟೆ ಮಡಚುತ್ತಾ.

"ಸೆನ್ಸೇ ಬಂದಿದ್ರು."

"ಏನಂತೆ?"

"ಕಾಕಿ ಕಳಿಸಿದ್ರಾ ಅಂತ."

"ಕಳಿಸಿಲ್ವಲ್ಲ. ಕಳಿಸಿ ಮತ್ತೆ," ಎಂದು ಅವಳು ಇನ್ನೊಂದು ಟವೆಲು ಎತ್ತಿಕೊಂಡಳು.

ಕಾಕಿ ಎಂದರೆ ಟೊಮೇಟೊ ಆಕಾರದ ಕಿತ್ತಳೆ ಬಣ್ಣದ ಹಣ್ಣು, ಆ ಕಾಲದಲ್ಲಿ ಎಲ್ಲ ಅಂಗಡಿಯಲ್ಲೂ ರಾಶಿ. ಸೋಮವಾರ ಬೆಳಿಗ್ಗೆ ಒಂದು ಪೆಟ್ಟಿಗೆ ಕೊಂಡು, ಬೀದಿ ಕೊನೆಯ ಕೊಂಬಿನಿಯಲ್ಲಿ, ಅಂದರೆ ಹಗಲೂ ರಾತ್ರಿ ತೆರೆದಿರುವ ಸಣ್ಣ ಅಂಗಡಿಯಲ್ಲಿ, ಹಿರೋಷಿಮಾಕ್ಕೆ ಪಾರ್ಸೆಲ್ ಮಾಡಿಸಿದೆ. ಒಕುಸಾನ್ ಹೆಸರು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದ ಹೆಸರನ್ನೇ ಬರೆದೆ.

ಗುರುವಾರ ಚೌಕದ ಮೈಕು ಮೊದಲೇ ತೆರೆದಿತ್ತು.

"ಪಾರ್ಸೆಲ್ ಬಂತು," ಎಂದರು ಒಕುಸಾನ್. "ತಂದವನು ಬಾಗಿಲಲ್ಲಿ ನಿಂತು ಅವರ ಹೆಸರು ಹಿಡಿದು ಕರೆದ. ನಾನು ಹೌದು ಅಂದುಬಿಟ್ಟೆ."

"ಕ್ಷಮಿಸಿ," ಎಂದೆ.

"ಅವರು ಕಾಕಿ ತಿನ್ನುತ್ತಿರಲಿಲ್ಲ. ಹೊಟ್ಟೆಗೆ ಆಗುತ್ತಿರಲಿಲ್ಲ."

ಪಂಡಿತರ ಹೊಟ್ಟೆ ನೆನಪಾಯಿತು. ಮತ್ತೊಮ್ಮೆ ಕ್ಷಮಿಸಿ ಎಂದೆ.

"ನನಗೆ ಇಷ್ಟ. ಒಬ್ಬಳಿಗೆ ಜಾಸ್ತಿ ಅಂತ ಪಕ್ಕದ ಮನೆಗೆ ಕೊಡಲು ಹೋದೆ. ಯಜಮಾನರು ಹೇಗಿದ್ದಾರೆ ಅಂತ ಕೇಳಿದರು." ಗಡಿಯಾರದ ಸದ್ದು ಕೇಳುತ್ತಿತ್ತು. "ಹೇಳಿದೆ. ಮೊದಲನೆಯ ಸಲ ಒಬ್ಬರ ಮುಖ ನೋಡಿಕೊಂಡು ಹೇಳಿದೆ. ಆಕೆ ಒಳಗೆ ಕರೆದು ಚಹಾ ಕೊಟ್ಟರು. ಈ ವರ್ಷ ಕಾರ್ಡು ಅಚ್ಚು ಹಾಕಿಸುತ್ತೇನೆ, ತಡವಾದರೂ." ಆಮೇಲೆ, "ಇದ್ದಕ್ಕಿದ್ದಂತೆ ಕಾಕಿ ಯಾಕೆ ಕಳಿಸಿದಿರಿ?" ಎಂದರು.

ನಾನು ಸಂಖ್ಯಾಶಾಸ್ತ್ರದವನು. ಮೇಡಂ ಪರದೆಯ ಮೇಲೆ ನನ್ನನ್ನೇ ನೋಡುತ್ತಿದ್ದರು.

"ಸೆನ್ಸೇ ಬಂದಿದ್ದರು," ಎಂದೆ.

ಇಬ್ಬರಲ್ಲಿ ಯಾರೂ ಎಲ್ಲಿಗೆ ಎಂದು ಕೇಳಲಿಲ್ಲ. ಮೇಡಂ ಪಕ್ಕದ ಹಾಳೆಯ ಮೇಲೆ ಏನೋ ಗುರುತು ಹಾಕಿಕೊಂಡರು.

ಲೇಖನ ಮುಂದೆ ಬೇರೊಂದು ಪತ್ರಿಕೆಯಲ್ಲಿ ಅಚ್ಚಾಯಿತು, ಅದನ್ನು ಓದುವವರು ಬಹುಶಃ ಅದರಲ್ಲಿ ಬರೆಯುವವರು ಮಾತ್ರ. ಸತ್ತವನ ಚುಕ್ಕಿ ನಡುವೆಯೇ ಇದೆ. ಮೊದಲ ಲೇಖಕರ ಹೆಸರಿನ ಪಕ್ಕ, ಇವರು ಈಗಿಲ್ಲ ಎನ್ನುವ ಸಣ್ಣ ಗುರುತಿದೆ. ಸಮ್ಮೇಳನದಲ್ಲಿ ಎದ್ದು ನಿಂತವರು ಓದಿದರೋ ಇಲ್ಲವೋ ತಿಳಿಯದು.

ಕಾಕಿಯ ಮಾತಾದ ಆ ಗುರುವಾರ ಐದಕ್ಕೆ ಸ್ವಲ್ಪ ಮುಂಚೆ, ಹಿರೋಷಿಮಾದ ಕಡೆ ಇಂಟರ್ನೆಟ್ಟು ಕೆಟ್ಟು ಧ್ವನಿ ಒಡೆದು ಬರುತ್ತಿದ್ದಾಗ, ನಾನು ನನ್ನ ತೀರ್ಮಾನ ಹೇಳಿದೆ: ಸತ್ತವರನ್ನು ತೆಗೆಯುವುದಿಲ್ಲ, ಪರಿಶೀಲಕರಿಗೆ ಇವತ್ತೇ ಹಾಗೆಂದು ಬರೆಯುತ್ತೇನೆ.

ಚೌಕದಿಂದ ಒಂದು ಮಾತು ಬಂತು. "ಮರುದಿನ?"

ಸಂಪರ್ಕ ಅಷ್ಟು ಕೆಟ್ಟಿದ್ದರಿಂದ ಧ್ವನಿ ಯಾರದೆಂದು ಹೇಳಲಾರೆ. ಮೇಡಂ ಬೆನ್ನು ನೆಟ್ಟಗೆ ಮಾಡಿ ಕೂತರು. ನಾನು ಟೈ ಸರಿಮಾಡಿಕೊಂಡು, ಇನ್ನೂ ಗೊತ್ತಿಲ್ಲ ಸೆನ್ಸೇ, ನೋಡಿ ಹೇಳುತ್ತೇನೆ, ಎಂದೆ.